ಹುಣಸೆಹಣ್ಣು ಹಚ್ಚಿ ತಿಕ್ಕಿದ ಹಳಿ

ಹೊಳೆದಂಡೆಯ ಆಶ್ರಮದಲ್ಲಿ ಮರುಳಯ್ಯಜ್ಜ ಫೋಟೋ ತೆಗೆಯುವುದನ್ನು ಕಲಿಸುತ್ತಿದ್ದರು. ಶಿಷ್ಯರು ಇಬ್ಬರೇ: ಯಮನೂರ, ಗವಿಸಿದ್ಧ.

ಯಮನೂರನಂಥ ಫೋಟೋಗಾರ ಸುತ್ತ ಏಳು ಹಳ್ಳಿಯಲ್ಲಿ ಇರಲಿಲ್ಲ. ಈ ಮಾತನ್ನು ಬೇರೆ ಯಾರೂ ಆಡದ ಕಾರಣ ಅವನೇ ಆಡಿಕೊಳ್ಳುತ್ತಿದ್ದ.

ಒಂದು ದಿನ ಅಜ್ಜ ಹೇಳಿದರು: "ಅಮಾಸಿ ಮುಗದ ಮ್ಯಾಲೆ ರೈಲಿನಾಗ ಕಾಶಿಗೆ ಹೊಂಟೀನಿ. ದಾರಿ ತುಂಬ ಫೋಟೋ ತೆಗಿಯಾಕ ನಿಮ್ಮೊಳಗ ಒಬ್ಬನ್ನ ಕರಕೊಂಡು ಹೋಗ್ತೀನಿ. ರೈಲು ಹಳಿದು ಒಂದೊಂದು ಫೋಟೋ ತರ್ರಿ, ನೋಡೂಣು."

ಗವಿಸಿದ್ಧನಿಗೆ ಗಾಡಿ ಓಡಾಡುವ ಹಳಿ ತೋರಿಸಿದರು. ಯಮನೂರನಿಗೆ ಅದರ ಪಕ್ಕದ್ದು. ಗಾಡಿ ಬರುವುದು ನಿಂತು ಎಷ್ಟೋ ವರ್ಷವಾದ ಹಳಿ.

ಗವಿಸಿದ್ಧನ ಫೋಟೋ ಬಂತು. ಹಳಿ ಬೆಳ್ಳಿ ಸರಿಗೆಯ ಹಾಗೆ ಮಿಂಚುತ್ತಿತ್ತು. ಅಜ್ಜ ಮೂರು ಸಲ ನೋಡಿದರು. ಮೂರೂ ಸಲ ಯಮನೂರ ಮುಖ ಆಚೆ ತಿರುಗಿಸಿದ.

ಯಮನೂರನ ಫೋಟೋದಲ್ಲಿ ತುಕ್ಕೇ ತುಕ್ಕು. ಅಜ್ಜ ಒಂದು ಸಲ ನೋಡಿ ಚಾಪೆಯ ಮೇಲಿಟ್ಟರು.

"ಅವನಿಗೆ ಹೊಳಿಯೋ ಹಳಿ ಕೊಟ್ರಿ, ಅಜ್ಜಾರ. ನನಗ ತುಕ್ಕು. ಕಾಶಿಗೆ ಯಾರು ಅಂತ ಮೊದಲ ಬರದಿಟ್ಟಂಗಾತು."

"ಹೌದಾ?"

"ಹೌದ್ರಿ. ನಾ ಹುಟ್ಟಿದಾಗಿಂದ ರೈಲು ಹತ್ತಿಲ್ಲ. ಅವ ಹೋಗ್ತಾನ, ನಾ ಇಲ್ಲೆ ನಿಂತು ಕೈ ಬೀಸಬೇಕು!"

"ಇನ್ನೊಂದು ಫೋಟೋ ತಾ," ಎಂದರು ಅಜ್ಜ.

ಮರುದಿನ ಯಮನೂರ ಅಡುಗೆಮನೆಯಿಂದ ಹುಣಸೆಹಣ್ಣು, ಇಟ್ಟಿಗೆಪುಡಿ ಎತ್ತಿಕೊಂಡು ಹೋದ. ಅವ್ವ ಹಿತ್ತಾಳೆ ಕೊಡ ತಿಕ್ಕುವುದನ್ನು ನೋಡಿ ಬೆಳೆದವನು. ಹಳಿ ಯಾವ ಲೆಕ್ಕ? ಮಧ್ಯಾಹ್ನದ ಹೊತ್ತಿಗೆ ಎರಡು ಮಾರು ತಿಕ್ಕಿದ. ಅಂಗೈ ಸುಲಿಯಿತು. ಪಕ್ಕದ ಹಳಿಯಲ್ಲಿ ಹೋದ ಗಾಡಿಯ ಜನ ಕಿಟಕಿಯಿಂದ ಇಣುಕಿ ನಕ್ಕರು. ಅವನಿಗೆ ಎಲ್ಲ ಕಿಟಕಿಯಲ್ಲೂ ಗವಿಸಿದ್ಧನೇ ಕಂಡ.

ನಿಜವಾದ ಗವಿಸಿದ್ಧ ನೀರಿನ ತಂಬಿಗೆ ಹಿಡಿದು ಬಂದ. "ಏನೋ, ಇದಕ್ಕ ಮದುವಿ ಐತೇನು? ಇಷ್ಟ್ಯಾಕ ಬೆಳಗಾಕ್ಹತ್ತೀ?"

"ನಿನ್ನ ಹಳಿಗಿಂತ ಹೊಳಸ್ತೀನಿ ನೋಡು ಮಗನ. ಆ ನೀರು ನೀನ ಕುಡಿ."

ಎರಡನೆಯ ಫೋಟೋ ನೋಡಿ ಅಜ್ಜ ತಲೆದೂಗಿದರು. "ಭಾಳ ಹೊಳದೈತಿ. ನಾಳೆ ಮುಂಜಾನೆ ಮೂವರೂ ಹೋಗಿ ನೋಡೂಣು."

ಮುಂಜಾನೆ ಇಬ್ಬನಿ ಬಿದ್ದಿತ್ತು. ಯಮನೂರ ತಿಕ್ಕಿದ ಹಳಿ ಮತ್ತೆ ಕೆಂಪಗಾಗಿತ್ತು. ಪಕ್ಕದ ಹಳಿಯ ಮೇಲೂ ಅದೇ ಇಬ್ಬನಿ. ಅದು ಮಿಂಚುತ್ತಲೇ ಇತ್ತು.

"ಅದನ್ನ ಯಾರು ತಿಕ್ಕತಾರ್ರಿ?" ಯಮನೂರ ರೇಗಿದ.

ಅಜ್ಜ ಅವನ ತೋಳು ಹಿಡಿದು ದೂರ ಸರಿಸಿದರು. ಕಲ್ಲಿದ್ದಲು ತುಂಬಿದ ಗೂಡ್ಸ್ ಗಾಡಿ ಬಂತು. ಐವತ್ತೆಂಟು ಡಬ್ಬಿ, ಒಂದರ ಹಿಂದೊಂದು, ಆ ಹಳಿಯನ್ನು ತುಳಿದುಕೊಂಡು ಹೋದವು. ಕಾಲಡಿಯ ನೆಲ ನಡುಗಿತು. ಕೊನೆಯ ಡಬ್ಬಿ ದಾಟಿದ ಮೇಲೆ ಹಳಿ ಇನ್ನಷ್ಟು ಬೆಳ್ಳಗಿತ್ತು.

ಯಮನೂರ ಸುಲಿದ ಅಂಗೈ ನೋಡಿಕೊಂಡ. ಸಣ್ಣ ದನಿಯಲ್ಲಿ ಕೇಳಿದ: "ಹಂಗಾದ್ರ ಕಾಶಿಗೆ ಗವಿಸಿದ್ಧನ ಏನ್ರಿ, ಅಜ್ಜಾರ?"

"ನೀನೂ ಬಾ. ಅವನ ಗಂಟೂ ನನ್ನ ಗಂಟೂ ಕಾಶಿ ಮುಟ್ಟೂತನಕ ನಿನ್ನ ತೊಡಿ ಮ್ಯಾಲಿರಲಿ."