ಆರನೆಯ ಹೆಸರು

ಹೊಲಿಗೆ ತರಬೇತಿ ಕೇಂದ್ರದ ಪ್ರಿನ್ಸಿಪಾಲ್ ಪಂಚಾಕ್ಷರಯ್ಯ ಮೇಜು ಗುದ್ದಿದರು. "ಐದು ಹುಡುಗಿಯರಿಗೆ ಇನ್ನೂ ಕಾಲರ್ ಕೂರಿಸೋಕೆ ಬರಲ್ಲ. ಒಂದ್ಸಲ ಹೇಳಿಕೊಟ್ಟಿದ್ದು ತಲೆಗೆ ಹೋಗದ ದಡ್ಡರು ಇಲ್ಲಿ ಬೇಡ. ಪಟ್ಟಿ ಬರಿ, ಹೆಸರು ಹೊಡೆದುಹಾಕ್ತೀನಿ!"

ಅಟೆಂಡರ್ ದೇವೀರಮ್ಮನಿಗೆ ಮೈಯೆಲ್ಲ ಉರಿಯಿತು. ಕಾಲರ್ ಪಾಠದ ದಿನ ಆ ಹುಡುಗಿಯರ ಬಸ್ಸು ದಾರಿಯಲ್ಲೇ ಕೆಟ್ಟು ನಿಂತಿತ್ತು. "ಸಂಜೆ ಒಂದು ಗಂಟೆ ಇನ್ನೊಮ್ಮೆ ಪಾಠ ಮಾಡಿಸಿ ಸಾರ್" ಅಂತ ಅವಳು ಮೂರು ಸಲ ಗೋಗರೆದಿದ್ದಳು. ಈಗ ಹಲ್ಲು ಕಡಿಯುತ್ತಲೇ ಪಟ್ಟಿ ಬರೆದಳು.

ಮರುದಿನ ಹತ್ತಕ್ಕೆ ಐದು ನಿಮಿಷವಿತ್ತು. ಮೊಬೈಲಿಗೆ ಮುಖ ತೋರಿಸಿ ಹಾಕಬೇಕಾದ ತಮ್ಮ ಹಾಜರಿಯನ್ನು ಹಾಕಿಕೊಡು ಅಂತ ಪ್ರಿನ್ಸಿಪಾಲರು ದಿನದಂತೆ ಅವಳತ್ತ ಮೊಬೈಲ್ ಚಾಚಿದರು. ದೇವೀರಮ್ಮ ಕೈಕಟ್ಟಿ ನಿಂತಳು.

"ಯುಗಾದೀಲೇ ಒಂದ್ಸಲ ಹೇಳಿಕೊಟ್ಟಿದ್ದೀನಲ್ಲ ಸಾರ್."

ಅವರು ಅಲ್ಲಿ ಒತ್ತಿದರು, ಇಲ್ಲಿ ಒತ್ತಿದರು. ಮೊಬೈಲಿನಲ್ಲಿ ಅವರ ಮುಖದ ಬದಲು ಸೀಲಿಂಗ್ ಫ್ಯಾನ್ ಕಂಡಿತು. ಹತ್ತು ದಾಟಿದರೆ ಆ ದಿನ ಗೈರುಹಾಜರಿ. ಹಣೆ ಬೆವರಿತು.

"ಇನ್ನೊಂದ್ಸಲ ತೋರಿಸಮ್ಮ!"

ದೇವೀರಮ್ಮ ಪಟ್ಟಿಯನ್ನು ಮೇಜಿಗೆ ಬಡಿದಳು. ಅದರಲ್ಲಿ ಆರು ಹೆಸರಿದ್ದವು. ಆರನೆಯದು ಪಂಚಾಕ್ಷರಯ್ಯ.

"ದಡ್ಡರು ಬೇಡ ಅಂದಿರಲ್ಲ ಸಾರ್? ಹೊಡೆದುಹಾಕಿ, ಆರನ್ನೂ!"

ಅವರೇ ಪಟ್ಟಿ ಹರಿದರು. ಅಂದು ಸಂಜೆಯೇ ಕಾಲರ್ ಪಾಠ ಮತ್ತೆ ಶುರುವಾಯಿತು. ಕೊನೇ ಬೆಂಚಿನಲ್ಲಿ ಪ್ರಿನ್ಸಿಪಾಲರಿಗೆ ದೇವೀರಮ್ಮನ ಪಾಠ ಬೇರೆ ನಡೆದಿತ್ತು.

"ಮೊಬೈಲ್ ತಿರುಗಿಸಿ ಸಾರ್. ಅದು ಫ್ಯಾನು, ನೀವಲ್ಲ."