ಚಾದಂಗಡಿಯ ಹೊರಗೆ ಕುಳಿತ ಅಜ್ಜನವರು

ಹಳಿಯಾಳ ಸೀಮೆಯ ಕಾಡಿನಂಚಿನಲ್ಲಿ ಕೊಂಗನಗಟ್ಟಿ ಎಂಬ ಊರು. ಅಲ್ಲಿ ಪೂಜ್ಯ ಶ್ರೀ ಶಾಂತಮುನಿ ಅಜ್ಜನವರ ಮಠ. ಮಠವೆಂದರೆ ಮಣ್ಣಿನ ಗೋಡೆ, ನಾಡಹೆಂಚು, ಸದಾ ಉರಿಯುವ ಒಂದು ಒಲೆ, ಅಷ್ಟೇ. ಬೆಳಗಿನ ಪೂಜೆ ಮುಗಿದ ಮೇಲೆ ಅಜ್ಜನವರು ದಾಸೋಹದ ಜೋಳವನ್ನು ತಾವೇ ಹಸನು ಮಾಡುತ್ತ ಕೂಡುತ್ತಿದ್ದರು. ಭಕ್ತರ ಸುಖದುಃಖ ಕೇಳುತ್ತಿದ್ದುದೂ ಅದೇ ಮೊರದ ಮುಂದೆ.

ಐವತ್ತು ವರ್ಷಗಳ ಹಿಂದಿನ ಮಾತು. ಮಂಗಳವಾರದ ಸಂತೆಯ ದಿನ ಇಸಬೆಲ್ಲ ಸಿದ್ದಿ ಏದುಸಿರು ಬಿಡುತ್ತ ಬಂದಳು. ಶತಮಾನಗಳ ಹಿಂದೆ ಆಫ್ರಿಕಾದಿಂದ ಗುಲಾಮರಾಗಿ ಬಂದವರ ಸಂತತಿ ಸಿದ್ದಿಗಳದು. ಎಷ್ಟೋ ತಲೆಮಾರು ಇದೇ ಕಾಡಿನಲ್ಲಿ ದುಡಿದರೂ ಅವರ ಕಪ್ಪು ಮೈ, ಗುಂಗುರು ಕೂದಲು ಕಂಡರೆ ಊರವರು ದೂರ ಸರಿಯುತ್ತಿದ್ದರು. ಸಂತೆಪೇಟೆಯ ಈರಸಂಗಪ್ಪನ ಚಾದಂಗಡಿಯಲ್ಲಿ ಅವರಿಗೆ ಒಳಗಿನ ಬೆಂಚಿನ ಮೇಲೆ ಜಾಗವಿರಲಿಲ್ಲ. ಹೊರಗೆ ಮೊಳೆಗೆ ತೂಗಿಬಿಟ್ಟ ತಗಡಿನ ಬಟ್ಟಲಲ್ಲಿ ಮೇಲಿನಿಂದ ಚಾ ಹೊಯ್ಯುತ್ತಿದ್ದರು. ಹಿಂದಿನ ವಾರ ಇಸಬೆಲ್ಲಳ ಗಂಡ ಕೈತಾನ ಜ್ವರದಲ್ಲಿ ನಿಲ್ಲಲಾರದೆ ಒಳಗೆ ಕುಳಿತಿದ್ದ. ಅವನನ್ನು ರಟ್ಟೆ ಹಿಡಿದು ಎಳೆದು ಬೀದಿಗೆ ಕೆಡವಿದ್ದರು.

“ಇವತ್ತ ನಮ್ಮವರು ಹತ್ತೊಂಬತ್ತು ಮಂದಿ ಅಲ್ಲೇ ಹೋಗಿ ಕುಂದರತಾರಂತ, ಅಜ್ಜಾರ,” ಎಂದಳು ಇಸಬೆಲ್ಲ. “ಯಾರೂ ಕೈ ಎತ್ತೂದಿಲ್ಲಂತ ಆಣಿ ಮಾಡ್ಯಾರ. ಆದ್ರ ಅಂಗಡಿ ಮುಂದ ಬಡಿಗಿ ಹಿಡಕೊಂಡು ಮಂದಿ ನಿಂತದ. ನನ್ನ ಗಂಡನ್ನ ಜೀವಸಹಿತ ಬಿಡೂದಿಲ್ರಿ ಅವರು.”

“ಏನು ಕೇಳತಾನವ್ವಾ ನಿನ್ನ ಗಂಡ?”

“ಕುಂತು ಚಾ ಕುಡೀಬೇಕಂತಾನ.”

ಅಜ್ಜನವರ ಕೈ ಜೋಳದಲ್ಲೇ ನಿಂತಿತು. ಅವರು ಕೂತಲ್ಲಿಂದ ಏಳದ್ದನ್ನು ಕಂಡು ಇಸಬೆಲ್ಲಳಿಗೆ ಭಯದ ಜೊತೆ ಸಿಟ್ಟೂ ಬಂತು. “ನಾ ಇಲ್ಲಿಗೆ ಯಾಕ ಬಂದ್ನೋ ನನಗ ತಿಳೀವಲ್ದು. ಈರಸಂಗಪ್ಪ ನಿಮ್ಮ ಪಾದಪೂಜಿ ಮಾಡಾಂವ. ನಿಮ್ಮ ಮಠದಾಗರ ಏನೈತ್ರಿ? ಊರ ಮಂದಿ ಒಳಗ ಪಂಕ್ತ್ಯಾಗ ಉಣತಾರ, ನಾವು ಹಿತ್ತಲಾಗ ಉಣತೇವಿ.”

ಒಲೆಯ ಮುಂದಿದ್ದವರು ಗಾಬರಿಯಾಗಿ ಎದ್ದು ನಿಂತರು. ಮಠದಲ್ಲಿ ಅಂಥ ಮಾತನ್ನು ಯಾರೂ ಆಡಿರಲಿಲ್ಲ. ಅಜ್ಜನವರು ಮೊರವನ್ನು ಬದಿಗೆ ಸರಿಸಿದರು. ಆಮೇಲೆ ಎದ್ದು, ಇಸಬೆಲ್ಲಳ ಮುಂದೆ ಎರಡೂ ಕೈ ಜೋಡಿಸಿ, “ತಪ್ಪಾತವ್ವಾ. ನಡಿ,” ಎಂದರು. ಪಾದುಕೆಯನ್ನೂ ಮೆಟ್ಟದೆ ಹೊರಟರು.

ಪೇಟೆ ಮುಟ್ಟುವಷ್ಟರಲ್ಲಿ ಕೈತಾನ ಮತ್ತು ಸಂಗಡಿಗರು ಬೆಂಚುಗಳ ಮೇಲೆ ಕುಳಿತಾಗಿತ್ತು. ಹಿಂದೂ, ಮುಸಲ್ಮಾನ, ಕ್ರೈಸ್ತ ಸಿದ್ದಿಗಳೆಲ್ಲ ಒಟ್ಟಿಗಿದ್ದರು. ಎಲ್ಲರ ಕೈಗಳೂ ತೊಡೆಯ ಮೇಲಿದ್ದವು. ಸುತ್ತ ಬಡಿಗೆಯ ಗುಂಪು. ಸಂತೆಯ ಗದ್ದಲವೂ ಅಡಗಿಹೋಗಿತ್ತು. ಇಸಬೆಲ್ಲಳ ಕಣ್ಣೆದುರೇ ಒಂದು ಪೆಟ್ಟು ಕೈತಾನನ ಹೆಗಲಿಗೆ ಬಿತ್ತು. ಅವನು ಹಲ್ಲು ಕಚ್ಚಿದ, ಕೂತಲ್ಲಿಂದ ಏಳಲಿಲ್ಲ. ಎರಡನೆಯ ಪೆಟ್ಟಿಗೆ ಎತ್ತಿದ ಬಡಿಗೆ, ಅಜ್ಜನವರನ್ನು ಕಂಡು ಮೇಲೆಯೇ ನಿಂತಿತು.

ಈರಸಂಗಪ್ಪ ಗಡಬಡಿಸಿ ಕುರ್ಚಿ ತಂದು, ತನ್ನ ಶಲ್ಯದಿಂದಲೇ ಒರೆಸಿದ. ಅಜ್ಜನವರು ಅದರತ್ತ ನೋಡಲಿಲ್ಲ. ಮೊಳೆಯಿಂದ ತಗಡಿನ ಬಟ್ಟಲು ಬಿಚ್ಚಿಕೊಂಡು ಹೊರಗಿನ ಕಲ್ಲಿನ ಮೇಲೆ ಕುಳಿತರು.

“ಇದರಾಗ ಹಾಕು, ಈರಸಂಗಪ್ಪಾ.”

“ಅದು ಅವರದು, ಅಜ್ಜಾರ! ನಿಮಗ ಅದರಾಗ ಹ್ಯಾಂಗ ಹಾಕ್ಲಿ?”

“ಇಷ್ಟು ವರ್ಷ ನನ್ನ ಮಠದಾಗ ಇವರನ್ನ ಹಿತ್ತಲಾಗ ಕುಂದರಿಸೀನಿ. ಅದನ್ನ ನೋಡೇ ನೀ ಕಲತಿ. ಮೊದಲ ತಪ್ಪು ನಂದು. ಇವರು ಒಳಗ ಚಾ ಕುಡಿಯೂತನಕಾ ನಾ ಹೊರಗ.”

ಈರಸಂಗಪ್ಪ ಆ ಬಟ್ಟಲಿಗೆ ಚಾ ಹಾಕಲಾರದೆ ಬಾಗಿಲಲ್ಲೇ ನಿಂತ. ಬಿಸಿಲು ಕಲ್ಲಿನ ಮೇಲೇರಿತು. ಎಂಬತ್ತರ ಸಮೀಪದ ಜೀವ. ನೆತ್ತಿ ಕೆಂಪಾಯಿತು, ಆದರೂ ಬಟ್ಟಲು ಕೆಳಗಿಡಲಿಲ್ಲ. ಗುಂಪು ಕರಗಲಿಲ್ಲ. “ಮಠ ಕೆಟ್ಟಿತು,” ಎಂದು ಯಾರೋ ಕೂಗಿದರು. ಒಂದು ಕಲ್ಲು ಬಂದು ಅಜ್ಜನವರ ಹಿಂದಿನ ಗೋಡೆಗೆ ಬಡಿಯಿತು. ಮುಂದಿನದು ಯಾರಿಗೆ ತಾಕುವುದೋ ಎಂದು ಇಸಬೆಲ್ಲ ಸೆರಗು ಬಾಯಿಗಿಟ್ಟು ನಿಂತಿದ್ದಳು.

ಆ ಕಲ್ಲಿನ ಸದ್ದಿಗೆ ಈರಸಂಗಪ್ಪ ಬೆಚ್ಚಿಬಿದ್ದ. ಒಳಗೆ ಹೋದ. ಗಾಜಿನ ಲೋಟದಲ್ಲಿ ಚಾ ತಂದು, ಮುಖ ನೋಡದೆ ಕೈತಾನನ ಮುಂದೆ ಮೇಜಿನ ಮೇಲಿಟ್ಟ.

“ಕೈಯಾಗ ಕೊಡ್ರಿ, ಸಾವ್ಕಾರ,” ಎಂದ ಕೈತಾನ ಮೆಲ್ಲಗೆ.

ಈರಸಂಗಪ್ಪ ಹೊರಗೆ ಅಜ್ಜನವರತ್ತ ನೋಡಿದ. ಅವರು ಕಣ್ಣು ಮುಚ್ಚಿದ್ದರು. ಲೋಟವನ್ನು ಮತ್ತೆ ಎತ್ತಿ ಕೈತಾನನ ಕೈಗೆ ಕೊಟ್ಟ. ಕೊಡುವಾಗ ಅರ್ಧ ಚಾ ತುಳುಕಿ ಇಬ್ಬರ ಬೆರಳೂ ಸುಟ್ಟವು. ಹತ್ತೊಂಬತ್ತು ಜನಕ್ಕೂ ಅವನೇ ಕೊಟ್ಟ. ಕೊನೆಯವರಿಗೆ ಕೊಡುವಾಗ ಅವನ ಕಣ್ಣಿಂದ ನೀರು ಇಳಿಯುತ್ತಿತ್ತು.

ಅಂದೇ ಮಠದ ಪಂಕ್ತಿಯಲ್ಲಿ ಸಿದ್ದಿಗಳು ಅಜ್ಜನವರ ಎಡಬಲಕ್ಕೆ ಕುಳಿತು ಉಂಡರು. ಮೂರು ಮನೆತನದವರು ಎಲೆ ಬಿಟ್ಟು ಎದ್ದುಹೋದರು. ತಿರುಗಿ ಎಂದೂ ಬರಲಿಲ್ಲ. ಅಜ್ಜನವರು ಅವರನ್ನು ಕರೆಯಲೂ ಇಲ್ಲ, ಶಪಿಸಲೂ ಇಲ್ಲ.

ಮರುವರ್ಷ ಪಕ್ಕದ ಊರಿನಲ್ಲಿ ಸಿದ್ದಿಗಳಿಗೆ ಬಾವಿಯ ನೀರು ತಡೆದರು. ಕೈತಾನನ ಜನ ಮತ್ತೆ ಹೊರಟರು. ಅಲ್ಲಿಯೂ ಬಡಿಗೆಗಳು ಕಾದಿದ್ದವು. ಈರಸಂಗಪ್ಪನೂ ಹೊರಟಾಗ ಅವನ ಹೆಂಡತಿ ಬಾಗಿಲಿಗೆ ಅಡ್ಡ ನಿಂತು ಅತ್ತಳು. “ಹೆದರಿಕಿ ನನಗೂ ಐತಿ,” ಎಂದ ಅವನು, “ಆದ್ರ ಹೋಗದ ಇರಾಕ ಆಗವಲ್ದು.” ಅಂಗಡಿಗೆ ಬೀಗ ಹಾಕಿ, ಗುರುಗಳನ್ನು ಮನಸ್ಸಿನಲ್ಲಿ ನೆನೆದು, ಮುಂದಿನ ಸಾಲಿನಲ್ಲಿ ಕೈತಾನನ ಪಕ್ಕ ನಡೆದ.