ಹೆಬ್ಬೆರಳು ಹೊರಗಿರಲಿ

"ಗುರುಗಳೇ, ನಾನು ಎಡವುತ್ತೇನೆಂದು ನಿಮಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಯಾಕೆ ತಡೆಯಲಿಲ್ಲ?" ಎಂದು ಚೆನ್ನವೀರ ಕೇಳಿದ.

ಆ ದನಿಯಲ್ಲಿ ಸಿಟ್ಟಿತ್ತು, ಸಿಟ್ಟಿಗಿಂತ ಹೆಚ್ಚಾಗಿ ನೋವಿತ್ತು. ಮೂರು ದಿನದ ಹಿಂದೆ, ಮಗನನ್ನು ಕಳೆದುಕೊಂಡ ಒಬ್ಬ ತಾಯಿಯ ಮನೆಗೆ ಗುರುಶಿಷ್ಯರಿಬ್ಬರೂ ಹೋಗಿದ್ದರು. ಬಾಗಿಲಲ್ಲಿ ಗುರುಗಳು, "ನನಗೆ ಕಾಲು ನೋಯುತ್ತಿದೆ. ಈ ಜಗಲಿಯ ಮೇಲೆ ಕೂತಿರುತ್ತೇನೆ. ನೀನು ಒಳಗೆ ಹೋಗಿ ಸಮಾಧಾನ ಹೇಳಿ ಬಾ" ಎಂದಿದ್ದರು. ಚೆನ್ನವೀರ ಒಳಗೆ ಹೋಗಿ, ಸಾವಿನ ಬಗ್ಗೆ ತಾನು ಓದಿದ್ದನ್ನೆಲ್ಲ ಗಿಳಿಯಂತೆ ಒಪ್ಪಿಸಿದ. "ಸಾಕಪ್ಪಾ, ಎದ್ದು ಹೋಗು" ಎಂದಳು ಆ ತಾಯಿ. ಅವಳ ಮಾತು ಇನ್ನೂ ಅವನ ಎದೆಯಲ್ಲಿ ಚುಚ್ಚುತ್ತಿತ್ತು. ಮೂರು ದಿನದಿಂದ ಅವನಿಗೆ ಅನ್ನ ಸೇರಿರಲಿಲ್ಲ.

"ಒಂದು ಜೀಪಿನ ಕತೆ ಹೇಳುತ್ತೇನೆ" ಎಂದರು ಗುರುಗಳು. "ಹಾಗೆ ಮುಖ ಸಿಂಡರಿಸಬೇಡ. ಪುರಾಣದಲ್ಲಿ ಜೀಪಿಲ್ಲ ಎಂದು ನನಗೂ ಗೊತ್ತು."

ಒಂದು ಬೆಟ್ಟದ ಬುಡದಲ್ಲಿ ಒಬ್ಬ ಜೀಪಿನವನಿದ್ದ. ಬೆಟ್ಟದ ಮೇಲಿನ ಹಳ್ಳಿಗೆ ದಾರಿ ಎನ್ನುವುದು ಹೆಸರಿಗೆ ಮಾತ್ರ, ಇದ್ದದ್ದೆಲ್ಲ ಕಲ್ಲು. ಅದಕ್ಕೆಂದೇ ಅವನು ತನ್ನ ಹಳೆಯ ಜೀಪಿಗೆ ದೊಡ್ಡ ಟೈರು ಹಾಕಿಸಿ, ಗಾಡಿಯನ್ನು ಎತ್ತರ ಮಾಡಿಸಿದ್ದ. ದೊಡ್ಡ ಟೈರು ಕಲ್ಲನ್ನೇನೋ ಹತ್ತುತ್ತದೆ. ಆದರೆ ಕಲ್ಲಿನ ಏಟು ಸ್ಟೀರಿಂಗಿಗೂ ಅಷ್ಟೇ ಜೋರಾಗಿ ಬರುತ್ತದೆ. ಒಮ್ಮೆ ಹಾಗೆ ಏಟು ಬಂದು ಸ್ಟೀರಿಂಗ್ ಗಿರ್ರನೆ ತಿರುಗಿತು. ಅದರೊಳಗಿನ ಕಂಬಿ ಬಡಿದು ಅವನ ಬಲಗೈ ಹೆಬ್ಬೆರಳು ಮುರಿಯಿತು. ಮೂಳೆ ಸೊಟ್ಟಗೆ ಕೂಡಿಕೊಂಡಿತು, ಕೈಯ ಹಿಡಿತ ಹೋಯಿತು.

ಅವನಿಗೆ ಇದ್ದವಳು ಒಬ್ಬಳೇ ಮಗಳು. ಇನ್ನು ಮುಂದೆ ಜೀಪು ತಾನೇ ಓಡಿಸುತ್ತೇನೆ ಎಂದು ಅವಳು ಹಟ ಹಿಡಿದಳು. ಜೀಪಿನವನು ಒಪ್ಪಿದ, ಆದರೆ ಅವನ ನೆಮ್ಮದಿ ಹಾರಿಹೋಯಿತು. ಬೆರಳು ಮುರಿದದ್ದು ಹೇಗೆಂದು ಅವನು ಮಗಳಿಗೆ ನಿಜ ಹೇಳಿರಲಿಲ್ಲ. ಜಾರಿ ಬಿದ್ದೆ ಎಂದಿದ್ದ. ನಿಜ ಹೇಳಿದರೆ ಅವಳು ಹೆದರಿಯಾಳು ಎಂಬ ಭಯ.

ಅವನು ಮೆಕ್ಯಾನಿಕ್ ಹತ್ತಿರ ಹೋದ. ಚಕ್ರಕ್ಕೆ ಬಿದ್ದ ಏಟು ಪೂರ್ತಿಯಾಗಿ ಕೈಗೆ ಬರದಂತೆ ತಡೆಯಲು, ಮುಂದಿನ ಚಕ್ರಗಳ ನಡುವೆ ಎಣ್ಣೆ ತುಂಬಿದ ಒಂದು ಕೊಳವೆ ಕೂರಿಸುತ್ತಾರೆ. ಸ್ಟೆಬಿಲೈಜರ್ ಅನ್ನುತ್ತಾರೆ ಅದಕ್ಕೆ. ಮೆಕ್ಯಾನಿಕ್ ಮೊದಲು ಗಾಡಿಯಡಿ ಮಲಗಿ, ಎಲ್ಲಾದರೂ ಸಡಿಲವಿದೆಯೇ ಎಂದು ನೋಡಿದ. ಎಲ್ಲ ಸರಿಯಾಗಿತ್ತು. ಆಮೇಲೆ ಮೂರು ಕೊಳವೆಗಳನ್ನು ತಂದು ನೆಲದ ಮೇಲಿಟ್ಟ. ಒಂದು ಮೆತ್ತನೆಯದು, ಒಂದು ನಡುವಿನದು, ಇನ್ನೊಂದು ಬಲು ಬಿಗಿ.

"ಆ ಬಿಗಿ ಇರೋದನ್ನೇ ಹಾಕು ಮೇಸ್ತ್ರಿ. ಒಂದಲ್ಲ, ಎರಡು ಹಾಕು. ನನ್ನ ಮಗಳ ಕೈಗೆ ಒಂದು ಕಲ್ಲಿನ ಸುದ್ದೀನೂ ಮುಟ್ಟಬಾರದು."

"ಸುದ್ದಿ ಮುಟ್ಟದಿದ್ರೆ ಆ ಹುಡುಗಿ ಗಾಡಿ ಓಡಿಸೋದಾದ್ರೂ ಹೆಂಗಣ್ಣಾ? ಈ ದಾರಿಗೆ ಮೆತ್ತಂದೇ ಸಾಕು."

"ನಿನಗೆ ಮಗಳಿಲ್ಲ. ನಿನಗೇನು ಗೊತ್ತು?"

ಮೆಕ್ಯಾನಿಕ್ ಎರಡು ಬಿಗಿ ಕೊಳವೆ ಕೂರಿಸಿಕೊಟ್ಟ. ಮೊದಲನೇ ಸಲ ನೀನೂ ಪಕ್ಕದಲ್ಲಿ ಕೂತು ಹೋಗು ಎಂದಷ್ಟೇ ಹೇಳಿದ.

ಅಪ್ಪ ಮಗಳು ಬೆಟ್ಟ ಹತ್ತಿದರು. ಸ್ಟೀರಿಂಗ್ ಅಲುಗಲಿಲ್ಲ. ಕಲ್ಲಿನ ಮೇಲಲ್ಲ, ಹತ್ತಿಯ ಮೇಲೆ ಹೋದಂತಿದೆ ಎಂದು ಮಗಳು ನಕ್ಕಳು. ಜೀಪಿನವನಿಗೆ ಜೀವ ಹಗುರಾಯಿತು. ಮೂರನೇ ತಿರುವಿನಲ್ಲಿ ದಾರಿಯ ಎಡ ಅಂಚು ಸಡಿಲ ಮಣ್ಣು, ಅದರಾಚೆ ಕಂದಕ. ಎಡಚಕ್ರ ಆ ಮಣ್ಣಿಗಿಳಿಯಿತು. ಮೊದಲಾಗಿದ್ದರೆ ಸ್ಟೀರಿಂಗ್ ಆ ಕಡೆಗೆ ಜಗ್ಗಿ ಎಚ್ಚರಿಸುತ್ತಿತ್ತು. ಈಗ ಸದ್ದಿಲ್ಲ, ಸುದ್ದಿಯಿಲ್ಲ. ತಿರುವು ಮುಗಿದ ಮೇಲೆ ತಾನಾಗಿ ನೇರವಾಗಬೇಕಿದ್ದ ಸ್ಟೀರಿಂಗ್ ಹಾಗೇ ನಿಂತಿತ್ತು. ಅಪ್ಪ ಕಿಟಕಿಯಿಂದ ಕಂದಕ ನೋಡಿ ಕೂಗಿಕೊಂಡ. ಮಗಳು ಬ್ರೇಕ್ ತುಳಿದಳು. ಎಡಚಕ್ರ ಅರ್ಧ ಗಾಳಿಯಲ್ಲಿತ್ತು.

ಇಬ್ಬರೂ ಬಲಗಡೆಯಿಂದ ಮೆಲ್ಲಗೆ ಇಳಿದರು. ಮಗಳು ತನ್ನ ಎರಡೂ ಅಂಗೈ ನೋಡಿಕೊಂಡಳು. "ಅಪ್ಪಾ, ನನಗೆ ಏನೂ ಗೊತ್ತೇ ಆಗಲಿಲ್ಲ" ಎಂದಳು.

ಅಪ್ಪನಿಗೆ ಅಳು ಬಂತು. ಅಲ್ಲೇ ಕಲ್ಲಿನ ಮೇಲೆ ಕೂತು, ತನ್ನ ಸೊಟ್ಟ ಹೆಬ್ಬೆರಳನ್ನು ಅವಳ ಮುಂದೆ ಹಿಡಿದು, ಅದು ಮುರಿದ ನಿಜವಾದ ಬಗೆ ಹೇಳಿದ. ಬೆಟ್ಟದಲ್ಲಿ ಸ್ಟೀರಿಂಗ್ ಹಿಡಿಯುವಾಗ ಹೆಬ್ಬೆರಳನ್ನು ಒಳಗೆ ಸುತ್ತಬಾರದು, ಹೊರಗೇ ಇಡಬೇಕು ಎಂದು ಕಲಿಸಿದ. ಅದು ಮೊದಲ ದಿನವೇ ಕಲಿಸಬೇಕಾದ ಪಾಠ. ಕಲಿಸಿದ್ದರೆ, ಸ್ಟೀರಿಂಗ್ ಒದೆಯುತ್ತದೆ ಎಂಬುದನ್ನೂ ಹೇಳಬೇಕಾಗುತ್ತಿತ್ತು. ಅದಕ್ಕೇ ಅವನು ಬಾಯಿ ಬಿಟ್ಟಿರಲಿಲ್ಲ.

ಊರವರು ಹಗ್ಗ ಕಟ್ಟಿ ಜೀಪು ಎಳೆದುಕೊಟ್ಟರು. ಮೆಕ್ಯಾನಿಕ್ ಎರಡು ಬಿಗಿ ಕೊಳವೆಗಳನ್ನೂ ಬಿಚ್ಚಿ, ಮೆತ್ತನೆಯದೊಂದನ್ನು ಕೂರಿಸಿದ. ಮಾರನೆಯ ದಿನದಿಂದ ಕಲ್ಲಿನ ಏಟು ಮಗಳ ಕೈಗೆ ಬಂತು, ಬೆರಳು ಮುರಿಯುವಷ್ಟಲ್ಲ, ದಾರಿ ತಿಳಿಯುವಷ್ಟು. ಅಂಗೈ ಕೆಂಪಾಯಿತು. ಸಂಜೆ ಅಪ್ಪ ಅದಕ್ಕೆ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದ. ಹಗಲೆಲ್ಲ ಪಕ್ಕದ ಸೀಟಿನಲ್ಲಿ ಕೈಕಟ್ಟಿ ಕೂತಿರುತ್ತಿದ್ದ. ಸ್ಟೀರಿಂಗ್ ಒದ್ದಾಗಲೆಲ್ಲ ಅವನ ಸೊಟ್ಟ ಬೆರಳು ಜುಮ್ಮೆನ್ನುತ್ತಿತ್ತು, ಆದರೂ ಅವನು ಕೈ ಚಾಚಲಿಲ್ಲ. ಒಂದು ದಿನ ಅದೇ ಮೂರನೇ ತಿರುವಿನಲ್ಲಿ ಸ್ಟೀರಿಂಗ್ ಎಡಕ್ಕೆ ಜಗ್ಗಿತು. ಅಪ್ಪ ಬಾಯಿ ತೆರೆಯುವ ಮೊದಲೇ ಮಗಳು ಬಲಕ್ಕೆ ತಿರುಗಿಸಿದ್ದಳು.

ಗುರುಗಳು ಕತೆ ನಿಲ್ಲಿಸಿದರು. ಚೆನ್ನವೀರ ತಲೆ ತಗ್ಗಿಸಿದ. ಆಮೇಲೆ, "ಆ ಮಗಳ ಪಕ್ಕದಲ್ಲಿ ಅಪ್ಪನಿದ್ದ. ನಾನು ಆ ಮನೆಯೊಳಗೆ ಒಬ್ಬನೇ ಇದ್ದೆ" ಎಂದ.

ಗುರುಗಳು ಅವನ ಬೆನ್ನ ಮೇಲೆ ಕೈಯಿಟ್ಟರು.

"ಅವತ್ತು ನಾನು ಜಗಲಿಯ ಮೇಲೆ ಕೂತದ್ದು ಕಾಲು ನೋವಿಗಲ್ಲ, ಮಗೂ. ನಿನ್ನ ಒಂದೊಂದು ಮಾತೂ ಅಲ್ಲಿಗೆ ಕೇಳಿಸುತ್ತಿತ್ತು."